ಕೋತಿ ವರ ಹತ್ತಿತು

ನನ್ನ ಮಗಳು ಮೂರನೆಯ ತರಗತಿಯಲ್ಲಿ ಎರಡು ವರ್ಷ ಕೂತಳು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮಕ್ಕಳ ವಿಷಯ ಬರೆಯುವ ಅಪ್ಪಂದಿರು ಸಾಮಾನ್ಯವಾಗಿ ಅವರಿಗೆ ಬಂದ ಬಹುಮಾನದಿಂದ ಶುರು ಮಾಡುತ್ತಾರೆ. ನೀವು ನನ್ನಿಂದಲೂ ಅಂಥದ್ದೇನನ್ನೋ ಕಾದು ಕೂತು ಕೊನೆಗೆ ಮೋಸಹೋಗಬಾರದು. ಒಂದು ಕಾಲದಲ್ಲಿ ಈ ಸುದ್ದಿಯನ್ನು ಬಚ್ಚಿಡಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಆಫೀಸಿನಲ್ಲಿ ಯಾರಾದರೂ ಮಗಳು ಎಷ್ಟನೇ ಕ್ಲಾಸು ಎಂದು ಕೇಳಿದರೆ ನನಗೆ ಆ ಕ್ಷಣಕ್ಕೇ ಕೆಮ್ಮು ಬರುತ್ತಿತ್ತು. ಕೆಮ್ಮು ನಿಲ್ಲುವಷ್ಟರಲ್ಲಿ ಕೇಳಿದವರು ಮಗಳನ್ನು ಮರೆತು ನನ್ನ ಆರೋಗ್ಯ ವಿಚಾರಿಸಿ ಹೊರಟುಹೋಗುತ್ತಿದ್ದರು. ನನಗೆ ಕ್ಷಯವಿರಬಹುದೆಂಬ ಗುಮಾನಿ ನಮ್ಮ ಸೆಕ್ಷನ್ನಿನಲ್ಲಿ ಹುಟ್ಟಿದ್ದು ಹೀಗೆ. ಈಗ ಕೆಮ್ಮು ವಾಸಿಯಾಗಿದೆ. ಮೂರನೆಯ ತರಗತಿಯಲ್ಲಿ ಎರಡು ವರ್ಷ ಕೂತಳು ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಇದರಲ್ಲಿ ನಾಚಿಕೆಪಡಬೇಕಾದವರು ಇದ್ದಾರೆ. ಅವಳಂತೂ ಅಲ್ಲ.

ಓದು ಬಲ್ಲವರಿಗೆಲ್ಲ ಒಂದು ಮರೆವಿನ ರೋಗವಿದೆ. ತಾವು ಅಕ್ಷರ ಕಲಿತದ್ದು ಹೇಗೆಂಬುದು ಒಬ್ಬರಿಗೂ ನೆನಪಿರುವುದಿಲ್ಲ. ನಾನು ಹೇರೋಹಳ್ಳಿಯ ಒಕ್ಕಲು ಮನೆಯವನು. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಹಾಕಿದವರಲ್ಲಿ ಮೊದಲನೆಯವನು. ಮರಳಿನ ಮೇಲೆ ಬೆರಳಿಟ್ಟು ತಿದ್ದುತ್ತಾ ತಿದ್ದುತ್ತಾ ಒಂದು ದಿನ ಅದೇನೋ ಓದಲು ಬಂದುಬಿಟ್ಟಿತು, ಬಾವಿಗೆ ತಳ್ಳಿಸಿಕೊಂಡವನಿಗೆ ಈಜು ಬಂದ ಹಾಗೆ. ಅದರಲ್ಲಿ ನನ್ನ ಸಾಧನೆ ಏನೂ ಇಲ್ಲ. ಆದರೂ ಅದು ನನ್ನ ಸ್ವಂತ ಬುದ್ಧಿವಂತಿಕೆಯ ಫಲವೆಂದು ತಿಳಿದು ಮೂವತ್ತು ವರ್ಷ ಮೆರೆದೆ. ನಮ್ಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಸುತ್ತಲಿನ ಏಳು ಹಳ್ಳಿಯ ಹೊಲಗಳ ಎಲ್ಲೆಕಲ್ಲು ಎಲ್ಲೆಲ್ಲಿವೆ, ಯಾವ ಮದುವೆಯಲ್ಲಿ ಯಾರು ಯಾರ ಮೇಲೆ ಮುನಿಸಿಕೊಂಡು ಎದ್ದುಹೋದರು ಎಂಬುದೆಲ್ಲ ಅವನ ನಾಲಿಗೆಯ ತುದಿಯಲ್ಲಿತ್ತು. ಅವನನ್ನು ದಡ್ಡನೆಂದು ಊರಿನಲ್ಲಿ ಒಬ್ಬರೂ ಕರೆಯಲಿಲ್ಲ. ಹೇಗೆ ಕರೆದಾರು? ದಡ್ಡನೆಂಬ ಹೆಸರು ಬರಬೇಕಾದರೆ ಮೊದಲು ಸ್ಕೂಲಿಗೆ ಸೇರಬೇಕು.

ಮಗಳು ರತ್ನ ಸೇರಿದ ಸ್ಕೂಲು ರಾಜಾಜಿನಗರದಲ್ಲಿತ್ತು. ರಾಜಾಜಿನಗರವೆಂದರೆ ಆಗ ಕಲ್ಲು ನೆಟ್ಟು ನಂಬರು ಬರೆದ ಬಯಲು. ರಸ್ತೆ ಯಾವುದು, ಸೈಟು ಯಾವುದು ಎಂಬ ಭೇದವಿಲ್ಲದೆ ದನಗಳು ಮೇಯುತ್ತಿದ್ದವು. ಮಾಗಡಿ ರಸ್ತೆಯಲ್ಲಿ ಬಸ್ಸಿಳಿದು ನಮ್ಮ ಮನೆಗೆ ನಡೆದುಬಂದ ನೆಂಟರ ಬಿಳಿ ಪಂಚೆ ಮನೆ ಮುಟ್ಟುವ ಹೊತ್ತಿಗೆ ಸನ್ಯಾಸಿಯ ಕಾವಿಯಾಗಿರುತ್ತಿತ್ತು. ಅಂಥಲ್ಲಿ ಎರಡು ಕೋಣೆ ಕಟ್ಟಿಕೊಂಡು, ಪಟ್ಟಣದಲ್ಲಿದ್ದೇನೆಂದು ನಾನೂ, ಕಾಡಿನಲ್ಲಿದ್ದೇನೆಂದು ನನ್ನ ಹೆಂಡತಿ ಜಯಮ್ಮನೂ ತಿಳಿದುಕೊಂಡು ಸಂಸಾರ ಮಾಡುತ್ತಿದ್ದೆವು. ಯಾರೋ ಮನೆ ಕಟ್ಟಿಸಲು ಹೊರಟು ಅರ್ಧಕ್ಕೆ ಕೈಬಿಟ್ಟ ಕಟ್ಟಡದಲ್ಲಿ ಸ್ಕೂಲು ನಡೆಯುತ್ತಿತ್ತು. ಮೂರು ಕೋಣೆ, ಒಂದು ತಗಡಿನ ಶೆಡ್ಡು, ಮುಂದೆ ಉದ್ದನೆಯ ಜಗಲಿ. ಹೊಸ ಬಡಾವಣೆಯ ಗುಮಾಸ್ತರ ಮಕ್ಕಳೂ ಕಾಮಾಕ್ಷಿಪಾಳ್ಯದ ಹಳೆಯ ಮನೆಗಳ ಮಕ್ಕಳೂ ಅಲ್ಲಿ ಒಟ್ಟಿಗೆ ಕೂತು ಮಗ್ಗಿ ಕೂಗಿದರೆ ತಗಡು ನಡುಗುತ್ತಿತ್ತು.

ರತ್ನ ಮಾತು ಕಲಿತದ್ದು ಬೇಗ. ಹರಿಕಥೆಗೆ ಕರೆದುಕೊಂಡು ಹೋದರೆ ಮಾರನೆಯ ದಿನ ಇಡೀ ಕಥೆಯನ್ನು, ದಾಸರು ನಡುವೆ ನೀರು ಕುಡಿದದ್ದನ್ನೂ ಬಿಡದೆ, ಒಪ್ಪಿಸಿಬಿಡುತ್ತಿದ್ದಳು. ಪುಸ್ತಕ ತೆರೆದರೆ ಮಾತ್ರ ಅವಳು ಬೇರೆಯೇ ಹುಡುಗಿ. ಮ ಮತ್ತು ವ ಅವಳ ಕಣ್ಣಿಗೆ ಅವಳಿಜವಳಿ. ದನ ಧನವಾಗುತ್ತಿತ್ತು, ಧನ ದನವಾಗುತ್ತಿತ್ತು. ಒತ್ತಕ್ಷರ ಕಂಡರೆ ತುಂಬಿದ ಹಳ್ಳದ ಮುಂದೆ ನಿಂತವಳ ಹಾಗೆ ನಿಂತುಬಿಡುತ್ತಿದ್ದಳು. ತನ್ನ ಹೆಸರನ್ನೇ ಒಂದು ದಿನ 'ರನ್ತ' ಎಂದೂ ಇನ್ನೊಂದು ದಿನ 'ರತನ' ಎಂದೂ ಬರೆಯುವಳು. ಮೂರನೆಯ ತರಗತಿಯಲ್ಲಿ ಒಂದು ದಿನ ಎದ್ದು ನಿಂತು ಪಾಠ ಓದಬೇಕಾಗಿ ಬಂತು. ಪುಸ್ತಕದಲ್ಲಿ ಇದ್ದದ್ದು 'ಕೋತಿ ಮರ ಹತ್ತಿತು'. ಇವಳು ಗಟ್ಟಿಯಾಗಿ 'ಕೋತಿ ವರ ಹತ್ತಿತು' ಎಂದು ಓದಿದಳು. ಮದುವೆಗಂಡಿನ ಪೇಟದ ಮೇಲೆ ಕೋತಿ ಕೂತದ್ದನ್ನು ನೆನೆದು ನಲವತ್ತೇಳು ಮಕ್ಕಳೂ ನಕ್ಕರು. ಅಂದಿನಿಂದ ಅವಳಿಗೆ ಸ್ಕೂಲಿನಲ್ಲಿ 'ವರ' ಎಂದೇ ಹೆಸರಾಯಿತು. ಆ ವರ್ಷ ಫೇಲಾದಳು. ಕ್ಲಾಸಿನ ಟೀಚರು ರುಕ್ಮಿಣಮ್ಮನವರು ಪ್ರೋಗ್ರೆಸ್ ಕಾರ್ಡಿನಲ್ಲಿ 'ಮನೆಯಲ್ಲಿ ಗಮನ ಕೊಡುವುದಿಲ್ಲ' ಎಂದು ಕೆಂಪು ಶಾಯಿಯಲ್ಲಿ ಬರೆದು ಕಳಿಸಿದರು.

ಗಮನ ಕೊಟ್ಟೆವು. ಬಜೆ ತೇದು ನೆಕ್ಕಿಸಿದೆವು. ಬುದ್ಧಿ ಚುರುಕಾಗುತ್ತದೆಂದು ಯಾರೋ ಹೇಳಿದ್ದರಿಂದ ದಿನವೂ ಒಂದೆಲಗದ ಚಟ್ನಿ. ಮಗುವೊಂದಕ್ಕೇ ಬಡಿಸಿದರೆ ಬೇಜಾರಾದೀತೆಂದು ಮನೆಮಂದಿಯೆಲ್ಲ ತಿಂದೆವು. ಅದರ ಗುಣವೋ ಏನೋ, ಹಳೆಯ ಫೈಲುಗಳ ನಂಬರೆಲ್ಲ ನನಗೆ ನೆನಪಿಗೆ ಬರತೊಡಗಿ ಆಫೀಸಿನಲ್ಲಿ ಒಳ್ಳೆಯ ಹೆಸರು ಬಂತು. ರತ್ನನ ಮ ಮತ್ತು ವ ಇದ್ದಲ್ಲೇ ಇದ್ದವು. ಆಗ ನಾನೇ ಮೇಷ್ಟರಾದೆ. ಒಂದೊಂದು ಅಕ್ಷರವನ್ನೂ ನೂರು ಸಲ ಬರೆಸಿದೆ. ನೂರು ಸಲ ತಪ್ಪು ಬರೆದರೆ ತಪ್ಪು ಗಟ್ಟಿಯಾಗುತ್ತದೆ ಎಂಬುದು ಇಷ್ಟು ಓದಿದ ನನಗೆ ಹೊಳೆಯಲಿಲ್ಲ.

ಇನ್ನು ಹೇಳುವುದು ಹೇಳಲು ಕಷ್ಟವಾದ ಮಾತು. ಆಗ ಕನ್ನಡ ನಾಡೆಲ್ಲ ಒಂದಾಗುವ ಮಾತು ಊರಿನಲ್ಲಿ ಜೋರಾಗಿತ್ತು. ನಮ್ಮ ಆಫೀಸಿನಲ್ಲಿ ಕಾಫಿಯ ಹೊತ್ತಿಗೆ ಅದೇ ಚರ್ಚೆ. ಅದನ್ನೆಲ್ಲ ಕೇಳಿ, ಮೈತುಂಬ ಅಭಿಮಾನ ತುಂಬಿಕೊಂಡು ಒಂದು ಸಂಜೆ ಮನೆಗೆ ಬಂದವನು ಪೇಪರು ಬಿಡಿಸಿ ದಪ್ಪಕ್ಷರದ ಸಾಲೊಂದನ್ನು ಓದು ಎಂದು ಮಗಳಿಗೆ ಹೇಳಿದೆ. ಅವಳು 'ಕನ್ನಡ' ಎಂಬುದನ್ನೇ ತಪ್ಪಾಗಿ ಓದಿದಳು. ನನ್ನ ಕೈಯಲ್ಲಿ ಆಫೀಸಿನ ರೂಲುದೊಣ್ಣೆ ಇತ್ತು. ಹೊಡೆದೆ. ಕನ್ನಡದ ಮೇಲಿನ ಪ್ರೀತಿಗೆ ಒಂಬತ್ತು ವರ್ಷದ ಕನ್ನಡತಿಯ ಬೆರಳಿನ ಗೆಣ್ಣಿನ ಮೇಲೆ ಹೊಡೆದೆ. ಅವಳು ಅಳಲಿಲ್ಲ. ಕೈಯನ್ನು ಲಂಗದಲ್ಲಿ ಸುತ್ತಿಕೊಂಡು ಮತ್ತೆ ಆ ಸಾಲನ್ನೇ ನೋಡಿದಳು. ಆಮೇಲೆ ನನಗೆ ಬುದ್ಧಿ ಹೇಳುವವಳಂತೆ ಹೇಳಿದಳು: "ನೀನು ಹೊಡೆದ್ರೂ ಅದು ನಿಲ್ಲಲ್ಲ ಅಪ್ಪ. ನೋಡೋವಾಗ ಒಂಥರಾ ಇರತ್ತೆ, ಓದೋಕೆ ಹೋದ್ರೆ ಇನ್ನೊಂದು ಥರಾ ಆಗತ್ತೆ. ನಾನೇನ್ ಮಾಡ್ಲಿ?"

ಒಂದು ವರ್ಷದಿಂದ ಅವಳಿಗೆ ಏನಾಗುತ್ತಿದೆ ಎಂದು ನಾವು ಯಾರೂ ಕೇಳಿರಲಿಲ್ಲ. ಏಕೆ ಆಗುತ್ತಿಲ್ಲ ಎಂದಷ್ಟೇ ಕೇಳಿದ್ದೆವು. ರೂಲುದೊಣ್ಣೆ ಸರ್ಕಾರದ್ದು, ಮಾರನೆಯ ದಿನವೇ ಆಫೀಸಿಗೆ ಒಯ್ದು ಇಟ್ಟುಬಂದೆ. ಮತ್ತೆ ಅದನ್ನು ಮನೆಗೆ ತರಲಿಲ್ಲ.

ಜಯಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಆರಿಸುತ್ತಾ, ಮಗಳ ಪುಸ್ತಕವನ್ನು ಪಕ್ಕದಲ್ಲಿ ಇಟ್ಟುಕೊಂಡು ಪಾಠವನ್ನು ತಾನೇ ಗಟ್ಟಿಯಾಗಿ ಓದತೊಡಗಿದಳು. ಅವಳು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ರತ್ನ ಅದನ್ನು ಹಾಗೇ ತಿರುಗಿ ಹೇಳಿದಳು. ಪ್ರಶ್ನೆ ಕೇಳಿದರೆ ಉತ್ತರ ಹೇಳಿದಳು. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನು ಅವಳೇ ಎರಡು ಕೇಳಿದಳು. ಒಂದು ವಾರದಲ್ಲಿ ಇಡೀ ಪುಸ್ತಕ ಮಗುವಿನ ತಲೆಯೊಳಗೆ ಹೋಯಿತು. ನಮ್ಮ ಅನ್ನದಲ್ಲಿ ಒಂದಷ್ಟು ಕಲ್ಲೂ ಸಿಕ್ಕಿದವು. ಇನ್ನು ಅಕ್ಷರದ ಸಂಗತಿ. ಬೆಳಿಗ್ಗೆ ಅಂಗಳ ಸಾರಿಸಿ ಜಯಮ್ಮ ರಂಗೋಲಿ ಹಾಕುವ ಜಾಗದಲ್ಲಿ ಮಂಚದಷ್ಟು ಅಗಲದ ಒಂದು ವ ಬರೆದಳು, ಪಕ್ಕದಲ್ಲಿ ಅಷ್ಟೇ ದೊಡ್ಡ ಮ. ರತ್ನ ಆ ಗೆರೆಯ ಮೇಲೆ ನಡೆಯಬೇಕು. ಆಮೇಲೆ ಕಣ್ಣು ಮುಚ್ಚಿ ಬೆರಳಿನಲ್ಲಿ ಸವರಬೇಕು. ವ ಬಂದು ಅಲ್ಲೇ ನಿಲ್ಲುತ್ತದೆ, ಮ ಬಾಲ ಎತ್ತಿಕೊಂಡು ಆಚೆ ಹೊರಡುತ್ತದೆ ಎಂದು ಅವಳಿಗೆ ಕಾಲಿನಿಂದ ತಿಳಿಯಿತು. ಕಣ್ಣು ಒಪ್ಪಿಕೊಳ್ಳದ್ದನ್ನು ಕಾಲು ಒಪ್ಪಿಕೊಂಡಿತು.

ಶುಕ್ರವಾರವೂ ನಮ್ಮ ಬಾಗಿಲಲ್ಲಿ ಪದ್ಮದ ಬದಲು ಮ ಇದ್ದದ್ದು ಕಂಡು ಬೀದಿಯವರು ತಲೆಗೊಂದು ಅರ್ಥ ಕಟ್ಟಿದರು. ಮಾಟವಿರಬಹುದೆಂದು ಒಬ್ಬರು, ಮಗ ಬೇಕೆಂಬ ಹರಕೆಯಿರಬಹುದೆಂದು ಇನ್ನೊಬ್ಬರು. ಸರಸ್ವತಿಯ ಮೇಲೆ ಕಾಲಿಡುವುದು ಸರಿಯೇ ಎಂದು ಎದುರು ಮನೆಯ ಹಿರಿಯರು ಆಕ್ಷೇಪಿಸಿದಾಗ ಜಯಮ್ಮ, ಸರಸ್ವತಿ ಇದುವರೆಗೆ ಏನೂ ಅಂದಿಲ್ಲವೆಂದೂ, ಅಂದರೆ ನಿಲ್ಲಿಸುವೆನೆಂದೂ ವಿನಯವಾಗಿ ತಿಳಿಸಿದಳು. ಇದು ಏನೆಂದು ನೇರವಾಗಿ ಕೇಳಿದವಳು ಕಾಮಾಕ್ಷಿಪಾಳ್ಯದಿಂದ ದಿನಾ ಹಾಲು ತರುತ್ತಿದ್ದ ಮುನಿಯಮ್ಮ ಒಬ್ಬಳೇ. ಜಯಮ್ಮ ವಿವರಿಸಿ ಹೇಳಿದಳು. ಮುನಿಯಮ್ಮ ಹಾಲಿನ ಬಿಂದಿಗೆಯನ್ನು ಸೊಂಟದಲ್ಲಿ ಇಟ್ಟುಕೊಂಡು ಬಹಳ ಹೊತ್ತು ಆ ಮ ಕಾರವನ್ನೇ ನೋಡುತ್ತಾ ನಿಂತಿದ್ದು ಹೋದಳು.

ಹೀಗೆ ನಿಧಾನವಾಗಿ ನಡೆಯುತ್ತಿದ್ದಾಗ, ಎರಡನೆಯ ವರ್ಷದ ಪರೀಕ್ಷೆಗೆ ತಿಂಗಳಿರುವಂತೆ, ಹೆಡ್‌ಮಾಸ್ಟರು ವೆಂಕಟರಮಣಯ್ಯನವರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಸ್ಕೂಲಿನ ಜಗಲಿಯನ್ನು ತಾವೇ ಗುಡಿಸುತ್ತಿದ್ದವರು. ಆದರೆ ಫೇಲಾದವರ ಪಟ್ಟಿ ನೋಡಿ ಇನ್‌ಸ್ಪೆಕ್ಟರು ಹುಬ್ಬುಗಂಟು ಹಾಕುತ್ತಾರೆಂಬ ಭಯ ಅವರನ್ನು ಹಗಲಿರುಳೂ ತಿನ್ನುತ್ತಿತ್ತು. ಅವರು ಬಹಳ ಮೃದುವಾಗಿ ಹೇಳಿದರು: "ಹೆಣ್ಣು ಹುಡುಗಿ, ಚಿಕ್ಕಣ್ಣನವರೇ. ಮನೆಗೆಲಸ ಕಲಿಸಿ. ಎಲ್ಲರಿಗೂ ಓದು ಹತ್ತಬೇಕು ಅಂತ ಏನಿಲ್ಲ." ಹಾಗೆಂದು ಟಿ.ಸಿ.ಯನ್ನು ನನ್ನ ಮುಂದೆ ಚಾಚಿದರು. ನಾನು ಎದ್ದು ನಿಂತು ಎರಡು ಕೈಯಲ್ಲಿ ಅದನ್ನು ತೆಗೆದುಕೊಂಡೆ. ಮೇಲಿನವರು ಏನು ಕೊಟ್ಟರೂ ಎದ್ದು ನಿಂತು ತೆಗೆದುಕೊಂಡು ಅಭ್ಯಾಸ. ಸಾಲದ್ದಕ್ಕೆ ಥ್ಯಾಂಕ್ಸ್ ಎಂದೆ.

ಮನೆಗೆ ಬಂದಾಗ ಜಯಮ್ಮ ಆ ಕಾಗದವನ್ನು ಓದಿದಳು. ಅವರಿಗೆ ಏನು ಹೇಳಿದಿರಿ ಎಂದು ಕೇಳಿದಳು. ನನಗೆ ಸುಳ್ಳು ಬೇಗ ಹೊಳೆಯುವುದಿಲ್ಲ, ಇದ್ದದ್ದನ್ನು ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಕಾಗದವನ್ನು ಮಡಿಸಿ ನನ್ನ ಅಂಗಿಯ ಜೇಬಿಗೆ ಇಟ್ಟು, "ನಾಳೆ ಇದನ್ನ ಕೊಟ್ಟು ಬನ್ನಿ. ಥ್ಯಾಂಕ್ಸನ್ನೂ ವಾಪಸ್ ಇಸ್ಕೊಂಡು ಬನ್ನಿ" ಎಂದಳು.

ಮಾರನೆಯ ದಿನ ರಜೆ ಹಾಕಿ ಹೋದೆ. ದಾರಿಯುದ್ದಕ್ಕೂ ಹೆಡ್‌ಮಾಸ್ಟರಿಗೆ ಜ್ವರ ಬಂದಿರಲಿ ಎಂದು ದೇವರಲ್ಲಿ ಬೇಡಿಕೊಂಡೆ. ಅವರು ಎಂದಿಗಿಂತ ಗಟ್ಟಿಮುಟ್ಟಾಗಿ ಕುರ್ಚಿಯಲ್ಲಿ ಇದ್ದರು. ಒಂದು ಸಲ ಕೊಟ್ಟ ಟಿ.ಸಿ.ಯನ್ನು ವಾಪಸು ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. ನಿಯಮ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನನ್ನೊಳಗೆ ಏನೋ ಎದ್ದು ಕೂತಿತು. ಹದಿನೈದು ವರ್ಷ ನಾನು ಬೇರೇನು ತಿಂದು ಬದುಕಿದ್ದೆ?

"ಅರ್ಜಿ ಎಲ್ಲಿದೆ ಸಾರ್?" ಎಂದು ಕೇಳಿದೆ.

"ಯಾವ ಅರ್ಜಿ?"

"ಟಿ.ಸಿ. ಬೇಕು ಅಂತ ನಾನು ಕೊಟ್ಟ ಅರ್ಜಿ. ಪೋಷಕರು ಅರ್ಜಿ ಕೊಡದೆ ಟಿ.ಸಿ. ಹ್ಯಾಗೆ ಹೊರಟಿತು?"

ಇಲ್ಲದ ಅರ್ಜಿಯನ್ನು ಅವರು ಮರ್ಯಾದೆಗಾಗಿ ಸ್ವಲ್ಪ ಹೊತ್ತು ಹುಡುಕಿದರು. ಅಷ್ಟರಲ್ಲಿ ನಾನು ಹಿಂದಿನ ರಾತ್ರಿ ಬರೆದಿಟ್ಟುಕೊಂಡಿದ್ದ ನಿಜವಾದ ಒಂದು ಅರ್ಜಿಯನ್ನು ಮೇಜಿನ ಮೇಲೆ ಇಟ್ಟೆ. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅವನ್ನು ನನ್ನ ಮಗಳಿಗೆ ಓದಿ ಹೇಳಬೇಕು, ಉತ್ತರವನ್ನು ಅವಳ ಬಾಯಿಂದ ಕೇಳಿ ನಂಬರು ಹಾಕಬೇಕು ಎಂದು ಅದರಲ್ಲಿ ಬರೆದಿದ್ದೆ. ವೆಂಕಟರಮಣಯ್ಯನವರು ಅದನ್ನು ಎರಡು ಸಲ ಓದಿದರು. ಇದು ಉಳಿದ ಮಕ್ಕಳಿಗೆ ಅನ್ಯಾಯ ಮಾಡಿದಂತೆ ಆಗುವುದಿಲ್ಲವೇ, ನಾಳೆ ಎಲ್ಲರೂ ಹೀಗೇ ಕೇಳಿದರೆ ಏನು ಗತಿ ಎಂದರು.

"ಕೇಳಲಿ ಸಾರ್" ಎಂದೆ. "ತಮಗೆ ಮಂಡಿನೋವು. ಪ್ರಾರ್ಥನೆ ಹೊತ್ತಿಗೆ ಎಲ್ಲಾರೂ ನಿಂತಿರ್ತಾರೆ, ತಾವು ಕುರ್ಚಿ ಮೇಲೆ ಕೂತಿರ್ತೀರಿ. ಅದರಿಂದ ನಿಂತವರಿಗೆ ಅನ್ಯಾಯ ಆಯ್ತು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಅಂದಿಲ್ಲ. ದೇವರೂ ನಂಬರು ಕಮ್ಮಿ ಮಾಡಿಲ್ಲ."

ಈ ಮಾತು ನನ್ನ ಬಾಯಿಂದಲೇ ಬಂತೆಂದು ಇವತ್ತಿಗೂ ನನಗೆ ಪೂರ್ತಿ ನಂಬಿಕೆಯಿಲ್ಲ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ ಅವರು, ಮೇಲಿನಿಂದ ಆರ್ಡರು ಬರಬೇಕು ಎಂದರು. ನಾನು ಕೆಲಸ ಮಾಡುವುದೂ ಅಂಥದ್ದೇ ಒಂದು 'ಮೇಲೆ'. ಅಲ್ಲಿಂದ ಆರ್ಡರು ಬರುವ ಹೊತ್ತಿಗೆ ರತ್ನನ ಮೊಮ್ಮಕ್ಕಳು ಮೂರನೆಯ ತರಗತಿಯಲ್ಲಿರುತ್ತಾರೆ ಎಂಬುದು ನನಗೆ ಗೊತ್ತು. ಟಿ.ಸಿ.ಯನ್ನು ಮೇಜಿನ ಮೇಲೆ ಬಿಟ್ಟು ಬಂದೆ. ಥ್ಯಾಂಕ್ಸ್ ವಾಪಸು ಕೇಳಲು ಮಾತ್ರ ಧೈರ್ಯ ಸಾಲಲಿಲ್ಲ.

ಮಾರನೆಯ ದಿನದಿಂದ ರತ್ನ ಕ್ಲಾಸಿನಲ್ಲಿ ಕೂತಳು, ಆದರೆ ಹಾಜರಿ ಪುಸ್ತಕದಿಂದ ತೆಗೆದಿದ್ದ ಅವಳ ಹೆಸರನ್ನು ಯಾರೂ ಕೂಗಲಿಲ್ಲ. ಹೆಸರು ಕೂಗದ ಮಗುವಿನ ಮುಖ ಹೇಗಿರುತ್ತದೆ ಎಂಬುದನ್ನು ಕಿಟಕಿಯಿಂದ ನೋಡಿದ ಜಯಮ್ಮ ಮನೆಗೆ ಹಿಂತಿರುಗಿ, ಮೊರ, ಎರಡು ಸೇರು ಅಕ್ಕಿ, ಒಂದು ಚಾಪೆ ತೆಗೆದುಕೊಂಡು ಹೋಗಿ ಸ್ಕೂಲಿನ ಜಗಲಿಯ ಮೇಲೆ ಕೂತಳು. ಸ್ಕೂಲು ಬಿಡುವವರೆಗೂ ಕಲ್ಲು ಆರಿಸಿದಳು. ಮಾರನೆಯ ದಿನವೂ ಅಷ್ಟೇ. ಹೆಡ್‌ಮಾಸ್ಟರು ಬಂದು, ತಾಯಿ, ಇದು ಸ್ಕೂಲು ಎಂದು ತಿಳಿಸಿದರು. ಜಯಮ್ಮ ಎದ್ದು ನಿಂತು, ತನ್ನಿಂದ ಸದ್ದೇನಾದರೂ ಆಗುತ್ತಿದೆಯೇ ಎಂದು ಕೇಳಿದಳು. ಆಗುತ್ತಿರಲಿಲ್ಲ. ಅಕ್ಕಿಯ ಕಲ್ಲು ಆರಿಸುವುದು ಲೋಕದಲ್ಲೇ ಅತಿ ನಿಶ್ಶಬ್ದವಾದ ಕೆಲಸಗಳಲ್ಲಿ ಒಂದು. ಸದ್ದು ಮಾಡಿದ್ದರೆ ಅವರು ಏನಾದರೂ ಮಾಡಬಹುದಿತ್ತು.

ಮೂರನೆಯ ದಿನ ಮುನಿಯಮ್ಮ ಹಾಲು ಹಾಕಿ ಮುಗಿಸಿ, ಖಾಲಿ ಬಿಂದಿಗೆಯೊಡನೆ ಹತ್ತು ವರ್ಷದ ಮಗಳು ಸಾಕಮ್ಮನನ್ನೂ ಕರೆದುಕೊಂಡು ಬಂದಳು. ಆ ಹುಡುಗಿಯನ್ನು ಎರಡನೆಯ ತರಗತಿಯಲ್ಲಿ ಬಿಡಿಸಿ ಸಗಣಿ ತಟ್ಟಲು ಹಾಕಿದ್ದರು. "ಇವಳದ್ದೂ ಹಿಂಗೇ ಕಣವ್ವ" ಎಂದಳು ಮುನಿಯಮ್ಮ. "ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾಳೆ. ಪುಸ್ತಕ ಕೊಟ್ರೆ ಅಳ್ತಾಳೆ. ದಡ್ಡಿ ಅಂದ್ರು, ನಾನೂ ಹೌದು ಅಂದ್ಕೊಂಡು ಬಿಡಿಸ್ಬಿಟ್ಟೆ." ಅವಳೂ ಚಾಪೆಯ ತುದಿಯಲ್ಲಿ ಕೂತಳು. ವಾರ ಮುಗಿಯುವಷ್ಟರಲ್ಲಿ ಜಗಲಿಯ ಮೇಲೆ ಐದು ಜನ ಹೆಂಗಸರು, ನಾಲ್ಕು ಮೊರ. ಅಕ್ಕಿ, ಹುರುಳಿ, ತೊಗರಿ, ಎಲ್ಲ ಬಗೆಯ ಧಾನ್ಯವೂ ಅಲ್ಲಿ ಹಸನಾಗುತ್ತಿತ್ತು. ಒಳಗೆ ಮಕ್ಕಳು ಮಗ್ಗಿ ತಪ್ಪಿದರೆ ಹೊರಗಿನಿಂದ ಯಾರೋ ಮೆಲ್ಲಗೆ ಸರಿಯಾದ ಲೆಕ್ಕ ಹೇಳುತ್ತಿದ್ದರಂತೆ.

ನಾನು ಈ ಹೋರಾಟದಲ್ಲಿ ಏನು ಮಾಡಿದೆ ಎಂದು ನೀವು ಕೇಳಬಹುದು. ತಣ್ಣಗಿನ ಊಟ ಮಾಡಿದೆ. ದಿನಕ್ಕೊಂದು ಜ್ಞಾಪನ ಪತ್ರ ಬರೆದು, ತಲುಪಿದ್ದಕ್ಕೆ ಹೆಡ್‌ಮಾಸ್ಟರ ಸಹಿ ಪಡೆದೆ. ಆರನೆಯ ಪತ್ರದ ಹೊತ್ತಿಗೆ ಅವರು ನನ್ನ ತಲೆ ಕಂಡ ಕೂಡಲೇ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

ಏಳನೆಯ ದಿನ ಬಿಡುವಿನ ವೇಳೆಯಲ್ಲಿ ರುಕ್ಮಿಣಮ್ಮನವರು ಶೆಡ್ಡಿನಿಂದ ಹೊರಗೆ ಬಂದು ಜಯಮ್ಮನ ಪಕ್ಕದಲ್ಲಿ ಕೂತರು. ಪ್ರೋಗ್ರೆಸ್ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದ ಟೀಚರು ಅವರೇ. ಒಂದೇ ಶೆಡ್ಡಿನಲ್ಲಿ ನಲವತ್ತೆಂಟು ಮಕ್ಕಳನ್ನು ಹಿಡಿದಿಟ್ಟು ಗಂಟಲು ಒಡೆದುಹೋಗಿದ್ದ ಹೆಂಗಸು. ಅವರೂ ಸ್ವಲ್ಪ ಹೊತ್ತು ಕಲ್ಲು ಆರಿಸಿದರು. ಆಮೇಲೆ ರಂಗೋಲಿಯ ವಿಷಯ ನಿಜವೇ ಎಂದು ಕೇಳಿದರು. ಜಯಮ್ಮ ಎಲ್ಲವನ್ನೂ ಹೇಳಿದಳು, ರೂಲುದೊಣ್ಣೆಯ ಸಂಗತಿಯನ್ನೂ ಬಿಡದೆ. ಮಾರನೆಯ ದಿನ ನಾನು ಎಂಟನೆಯ ಪತ್ರ ಹಿಡಿದು ಹೆಡ್‌ಮಾಸ್ಟರ ಕೋಣೆಯ ಬಾಗಿಲಿಗೆ ಬಂದಾಗ ರುಕ್ಮಿಣಮ್ಮನವರು ಒಳಗೆ ಮಾತಾಡುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ, ತಮ್ಮ ಸ್ವಂತ ಹೊತ್ತಿನಲ್ಲಿ, ಪ್ರಶ್ನೆಗಳನ್ನು ತಾವೇ ಓದಿ ಹೇಳುವುದಾಗಿಯೂ ಇನ್‌ಸ್ಪೆಕ್ಟರು ಕೇಳಿದರೆ ತಾವೇ ಜವಾಬು ಕೊಡುವುದಾಗಿಯೂ ಹೇಳುತ್ತಿದ್ದರು.

"ಉತ್ತರ ಗೊತ್ತಿದ್ದೂ ಫೇಲಾಗ್ತಾ ಇದಾಳೆ ಸಾರ್, ಆ ಮಗು" ಎಂದರು. "ಅದು ಗೊತ್ತಾದ ಮೇಲೂ ನಾನು ಸೊನ್ನೆ ಹಾಕಿದ್ರೆ, ಆ ಸೊನ್ನೆ ಅವಳದಲ್ಲ, ನಂದು."

ವೆಂಕಟರಮಣಯ್ಯನವರು ಒಂದು ಷರತ್ತಿನ ಮೇಲೆ ಒಪ್ಪಿದರು. ಪರೀಕ್ಷೆಯಲ್ಲಿ ತಾವೂ ಕೂತಿರಬೇಕು ಎಂದರು. ಯಾರೂ ಹೇಳಿಕೊಡುವಂತಿಲ್ಲ. ರತ್ನನ ಜೊತೆಗೆ ಸಾಕಮ್ಮನನ್ನೂ ಎರಡನೆಯ ತರಗತಿಯ ಪರೀಕ್ಷೆಗೆ ಕೂರಿಸಿದರು. ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಜಗಲಿಯ ಮೇಲೆ ಪರೀಕ್ಷೆ ನಡೆಯಿತು. ನಾವು ದೂರದಲ್ಲಿ, ಸೈಟು ಕಲ್ಲುಗಳ ಮೇಲೆ ಕೂತು ನೋಡುತ್ತಿದ್ದೆವು. ಅಲ್ಲಿ ನಡೆದದ್ದನ್ನು ರುಕ್ಮಿಣಮ್ಮನವರು ಆಮೇಲೆ ಹೇಳಿದರು. ಭೂಗೋಳ, ಚರಿತ್ರೆ, ಬಾಯಿಲೆಕ್ಕ, ಯಾವುದರಲ್ಲೂ ರತ್ನ ನಿಲ್ಲಲಿಲ್ಲ. ಕೊನೆಗೆ ಹೆಡ್‌ಮಾಸ್ಟರು ತಾವೇ ಒಂದು ಪ್ರಶ್ನೆ ಕೇಳಿದರಂತೆ, ಕೋತಿ ಏಕೆ ಮರ ಹತ್ತಿತು ಎಂದು. ರತ್ನ ಹೇಳಿದಳಂತೆ: "ನಾಯಿ ಅಟ್ಟಿಸ್ಕೊಂಡು ಬಂತು ಅಂತ ಪುಸ್ತಕದಲ್ಲಿದೆ ಸಾರ್. ನಾನಾಗಿದ್ರೆ, ಕೆಳಗಡೆ ಎಲ್ಲರೂ ನಗ್ತಿದ್ರಲ್ಲ, ಅದಕ್ಕೇ ಹತ್ತಿಬಿಡ್ತಿದ್ದೆ." ವೆಂಕಟರಮಣಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರಂತೆ. ಮಾರನೆಯ ದಿನ ಪ್ರಾರ್ಥನೆಯಾದ ಮೇಲೆ, ಇನ್ನು ಈ ಸ್ಕೂಲಿನಲ್ಲಿ ಯಾರ ಓದಿಗಾದರೂ ಅಡ್ಡಹೆಸರು ಕಟ್ಟಿ ಕರೆದದ್ದು ಗೊತ್ತಾದರೆ ತಮ್ಮಷ್ಟು ಕೆಟ್ಟವರಿಲ್ಲ ಎಂದು ಹೇಳಿದರು. ಅವತ್ತು ಅದನ್ನು ನಿಂತುಕೊಂಡು ಹೇಳಿದರಂತೆ.

ಉಕ್ತಲೇಖನವನ್ನು ಮಾತ್ರ ಬಾಯಲ್ಲಿ ಹೇಳಲು ಬರುವುದಿಲ್ಲವಲ್ಲ. ಬಿಟ್ಟುಬಿಡೋಣವೆಂದರೆ ರತ್ನ ಒಪ್ಪಲಿಲ್ಲ, ಬರೆಯುತ್ತೇನೆಂದು ಹಟ ಹಿಡಿದು ಬರೆದಳು. ಇಪ್ಪತ್ತಕ್ಕೆ ಎರಡು ಬಂತು. ಆ ಎರಡರಲ್ಲಿ ಒಂದು 'ಮರ'. ನಾಲ್ಕನೆಯ ತರಗತಿಗೆ ಪಾಸಾದಳು; ಸಾಕಮ್ಮ ಮೂರನೆಯದಕ್ಕೆ. ಹಾಜರಿ ಪುಸ್ತಕದಲ್ಲಿ ಇಬ್ಬರ ಹೆಸರನ್ನೂ ಮತ್ತೆ ಬರೆದರು.

ಚಿಕ್ಕಣ್ಣನ ಮಗಳು ಬಾಯಲ್ಲಿ ಪಾಸಾದವಳು ಎಂದು ಬೀದಿಯಲ್ಲಿ ಈಗಲೂ ಹೇಳುವವರಿದ್ದಾರೆ. ಹೌದು, ಬಾಯಲ್ಲೇ ಪಾಸಾದಳು. ಏನೀಗ? ನೂರು ಮಕ್ಕಳಿಗೆ ಒಂದೇ ಅಳತೆಯ ಅಂಗಿ ಹೊಲಿಸಿಟ್ಟು, ಹಿಡಿಸದ ಮಗುವಿಗೆ ನಿನ್ನ ಮೈಯೇ ಸರಿಯಿಲ್ಲ ಎನ್ನುವ ದರ್ಜಿಯನ್ನು ನಾವು ಒಂದು ದಿನ ಸಹಿಸುವುದಿಲ್ಲ. ಸ್ಕೂಲನ್ನು ಮಾತ್ರ ಕೈಕಟ್ಟಿ ನಿಂತು ಸಹಿಸುತ್ತೇವೆ. ಕಣ್ಣಿನಿಂದ ಕಲಿಯುವವರು ಕಣ್ಣಿನಿಂದ ಕಲಿಯಲಿ. ಕಿವಿಯಿಂದ, ಕೈಯಿಂದ, ಕಾಲಿನಿಂದ ಕಲಿಯುವವರಿಗೆ ಆ ದಾರಿ ಬಿಡಬೇಕು. ನಿಧಾನವಾಗಿ ಬರುವವರಿಗೆ ಕಾಯಬೇಕು. ನಾಲ್ಕು ಜನರ ಮುಂದೆ ನಗೆಪಾಟಲು ಮಾಡಬಾರದು. ಇದಕ್ಕೆ ಕಟ್ಟಡ ಬೇಡ, ಸಲಕರಣೆ ಬೇಡ; ನಮಗೆ ಬೇಕಾದದ್ದು ಒಂದು ಜಗಲಿ, ಒಂದು ಹಿಡಿ ರಂಗೋಲಿ ಪುಡಿ, ಸೊನ್ನೆ ಯಾರದೆಂದು ಯೋಚಿಸುವ ಒಬ್ಬ ಟೀಚರು. ಇಷ್ಟನ್ನು ಕೇಳುವುದು ಅಧಿಕಪ್ರಸಂಗವಾದರೆ ನಾನು ಅಧಿಕಪ್ರಸಂಗಿ. ಪ್ರತಿ ಶನಿವಾರ ಸ್ಕೂಲು ಬಿಟ್ಟ ಮೇಲೆ ರುಕ್ಮಿಣಮ್ಮನವರು ಜಗಲಿಯ ಮೇಲೆ ಅಂಥ ಮಕ್ಕಳನ್ನು ಕೂರಿಸಿಕೊಳ್ಳತೊಡಗಿದರು. ಮೊದಲ ತಿಂಗಳು ಆರು ಜನ ಇದ್ದರು. ಆಮೇಲೆ ಯಾರ್ಯಾರ ಮನೆಯಲ್ಲಿ ಬಚ್ಚಿಟ್ಟಿದ್ದರೋ ಏನೋ, ಜಗಲಿ ಸಾಲದೆ ಹೋಯಿತು.

ಮರುವರ್ಷ ಇನ್‌ಸ್ಪೆಕ್ಟರು ಬಂದರು. ವೆಂಕಟರಮಣಯ್ಯನವರು ಅಷ್ಟರಲ್ಲಿ ಇದನ್ನೆಲ್ಲ 'ನಮ್ಮ ಶಾಲೆಯ ಪದ್ಧತಿ' ಎಂದು ಹೆಮ್ಮೆಯಿಂದ ಕರೆಯತೊಡಗಿದ್ದರು. ಪೋಷಕರನ್ನೆಲ್ಲ ಕರೆಸಿದ್ದರು. ಜಗಲಿಯ ಪಾಠ ನೋಡಿ ಇನ್‌ಸ್ಪೆಕ್ಟರು ಬಹಳ ಸಂತೋಷಪಟ್ಟು, ಇದು ಶುರುವಾದದ್ದು ಹೇಗೆ ಎಂದು ಕೇಳಿದರು. ಹೆಡ್‌ಮಾಸ್ಟರು ಧಾರಾಳವಾಗಿ ನನ್ನ ಕಡೆ ಕೈ ತೋರಿಸಿ, ಚಿಕ್ಕಣ್ಣನವರೇ, ಎರಡು ಮಾತು ಹೇಳಿ ಎಂದರು. ಹೇಳಬೇಕಾದವಳು ಜಯಮ್ಮ. ಅವಳು ನನ್ನನ್ನು ಹಿಂದಿನಿಂದ ಮೆಲ್ಲಗೆ ತಳ್ಳಿದಳು.

ಎದ್ದು ನಿಂತೆ. ಮುಂದೆ ಇನ್ನೂರು ಮಕ್ಕಳು, ಅವರ ತಂದೆತಾಯಿಗಳು, ಪೇಟ ತೊಟ್ಟ ಇನ್‌ಸ್ಪೆಕ್ಟರು. ನೀವು ಇದುವರೆಗೆ ಓದಿದ್ದೆಲ್ಲ ನನ್ನ ತಲೆಯಲ್ಲಿ ಸಾಲುಸಾಲಾಗಿ ಇತ್ತು. ಅದರಲ್ಲಿ ಒಂದು ಪದವೂ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ. "ಸಾರ್" ಎಂದೆ. ಇನ್ನೊಮ್ಮೆ "ಸಾರ್" ಎಂದೆ. ಮೂರನೆಯ ಸಲ ಅದೂ ಸರಿಯಾಗಿ ಬರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಮೆಲ್ಲಗೆ ಮುಂದಕ್ಕೆ ಹರಡಿ ಬಂತು. ಆಗ ನಾಲ್ಕನೆಯ ತರಗತಿಯ ಸಾಲಿನಿಂದ ರತ್ನ ಎದ್ದಳು.

"ನಮ್ಮಪ್ಪಂಗೆ ಎಲ್ಲಾ ಗೊತ್ತು ಸಾರ್" ಎಂದಳು. "ಎಲ್ಲರ ಮುಂದೆ ಬಾಯಲ್ಲಿ ಬರಲ್ಲ, ಅಷ್ಟೆ. ಒಂದು ಕಾಗದ ಕೊಟ್ರೆ ಬರೀತಾರೆ."

ರುಕ್ಮಿಣಮ್ಮನವರು ಏನೂ ವಿಶೇಷ ನಡೆದಿಲ್ಲವೆಂಬಂತೆ ನಾಲ್ಕು ಹಾಳೆ, ಒಂದು ಪೆನ್ನು ತಂದುಕೊಟ್ಟು ನನ್ನನ್ನು ಜಗಲಿಯ ಒಂದು ಮೂಲೆಯಲ್ಲಿ, ಅವರ ಶನಿವಾರದ ಮಕ್ಕಳ ಪಕ್ಕದಲ್ಲೇ, ಚಾಪೆ ಹಾಕಿ ಕೂರಿಸಿದರು. ಸಭೆ ಮುಂದುವರಿದು ಮುಗಿಯಿತು. ಮಕ್ಕಳಿಗೆ ಕಡಲೆ ಬೆಲ್ಲ ಹಂಚಿದ್ದೂ ಆಯಿತು. ನಾನು ಇನ್ನೂ ಎರಡನೆಯ ಹಾಳೆಯಲ್ಲಿದ್ದೆ. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡು ನನ್ನ ಕಡೆ ಬಗ್ಗಿದರು. ಬೆಲ್ಲ ಚೀಪುತ್ತಾ ನನಗೆ ಕಾವಲು ಕೂತಿದ್ದ ರತ್ನ ಅವರನ್ನು ಕೈಸನ್ನೆ ಮಾಡಿ ಸ್ವಲ್ಪ ಆಚೆಗೆ ಕರೆದು, ನನಗೆ ಕೇಳಬಾರದೆಂದು ದನಿ ತಗ್ಗಿಸಿ ಹೇಳಿದಳು: "ಅವಸರ ಮಾಡಬೇಡಿ ಸಾರ್, ಗಾಬರಿ ಆಗ್ತಾರೆ. ಬುದ್ಧಿ ಚೆನ್ನಾಗೇ ಇದೆ."